ವೆನಿಸ್ಸಿನ ಕುಳ್ಳ ಅರಮನೆ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ನನ್ನ ಲೆಕ್ಕದಲ್ಲಿ ಚಿತ್ರ ಎಂದರೆ ಹಸು ಹಸುವಿನಂತೆ, ಮರ ಮರದಂತೆ ಇರಬೇಕು. ಮಿಲಾನ್‌ನಲ್ಲಿ ಕೆಲಸದಲ್ಲಿರುವ ಮಗ ನಮ್ಮನ್ನು ವೆನಿಸ್‌ಗೆ ಕರೆದೊಯ್ದಾಗ ಚರ್ಚು, ಸೇತುವೆ ನೋಡಿ ಬಂದರಾಯಿತು ಅಂದುಕೊಂಡಿದ್ದೆ. ಅವನು ಮಾತ್ರ, "ಅಪ್ಪ, ಇಲ್ಲೊಂದು ಆಧುನಿಕ ಕಲೆಯ ಮ್ಯೂಸಿಯಂ ಇದೆ, ನೀವು ನೋಡಲೇಬೇಕು" ಎಂದು ಹಟ ಹಿಡಿದ.

ಹಳೆಯ ವೆನಿಸ್ಸಿನಲ್ಲಿ ಕಾರಿಲ್ಲ, ಬಸ್ಸಿಲ್ಲ, ನೀರೇ ರಸ್ತೆ. ‘ವಪೊರೆತ್ತೊ’ ಎಂಬ ದೋಣಿಯಲ್ಲಿ ಬಂದು, ಅಕಾಡೆಮಿಯಾ ಎಂಬಲ್ಲಿ ಇಳಿದು ನಡೆದೆವು. ದೊಡ್ಡ ಕಾಲುವೆಯ ದಡದಲ್ಲಿ ಎತ್ತರದ ಅರಮನೆಗಳ ಸಾಲು. ನಡುವೆ ಒಂದು ಮಾತ್ರ ಕುಳ್ಳ! 18ನೇ ಶತಮಾನದಲ್ಲಿ ಕಟ್ಟಲು ಶುರು ಮಾಡಿದ್ದು ನೆಲ ಅಂತಸ್ತಿಗೇ ನಿಂತುಹೋಯಿತಂತೆ. ಅದೇ ಪೆಗ್ಗಿ ಗುಗೆನ್‌ಹೈಮ್ ಮ್ಯೂಸಿಯಂ.

ಪೆಗ್ಗಿ ಅಮೆರಿಕದ ಸಿರಿವಂತರ ಮಗಳು. ಮಕ್ಕಳೇ, ನೀವು ಟೈಟಾನಿಕ್ ಹಡಗಿನ ಕಥೆ ಕೇಳಿದ್ದೀರಲ್ಲ? 1912ರಲ್ಲಿ ಅದು ಮುಳುಗಿದಾಗ ಈಕೆಯ ತಂದೆಯೂ ತೀರಿಕೊಂಡರು. ಆಗ ಈಕೆಗೆ 13 ವರ್ಷ. ದೊಡ್ಡವಳಾದ ಮೇಲೆ ಹೊಸ ಬಗೆಯ ಚಿತ್ರಗಳನ್ನು ಕೊಳ್ಳುತ್ತಾ ಹೋದರು. 1949ರಲ್ಲಿ ಈ ಮನೆ ಕೊಂಡು, 1979ರಲ್ಲಿ ತೀರಿಕೊಳ್ಳುವವರೆಗೂ ವೆನಿಸ್ಸಿನಲ್ಲೇ ಇದ್ದರು. ಅವರ ಸಮಾಧಿ ಇಲ್ಲಿನ ತೋಟದಲ್ಲಿದೆ, ಮುದ್ದಿನ 14 ನಾಯಿಗಳ ಸಮಾಧಿಯ ಪಕ್ಕದಲ್ಲೇ. ನಾಯಿಗಳ ಹೆಸರು ಕಲ್ಲಿನಲ್ಲಿ ಕೆತ್ತಿರುವುದನ್ನು ಎಂಟು ವರ್ಷದ ಮೊಮ್ಮಗಳು ಒಂದೊಂದಾಗಿ ಓದಿದಳು.

ಒಳಗೆ ಜಾಕ್ಸನ್ ಪೊಲಾಕ್ ಎಂಬಾತ 1947ರಲ್ಲಿ ಮಾಡಿದ ‘ಆಲ್ಕೆಮಿ’ ಎಂಬ ದೊಡ್ಡ ಚಿತ್ರ. ಬರೀ ಬಣ್ಣದ ಎಳೆಗಳು, ಗಂಟುಗಳು. "ಯಾರೋ ಸಾರು ಚೆಲ್ಲಿದ ಹಾಗಿದೆ" ಅಂದೆ. ಪೊಲಾಕ್ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಸುತ್ತಲೂ ಓಡಾಡುತ್ತಾ ಬಣ್ಣ ಸುರಿಯುತ್ತಿದ್ದನೆಂದು ಮಗ ವಿವರಿಸಿದ. ಮೊಮ್ಮಗಳು ತಟ್ಟನೆ, "ಅಜ್ಜಿ ರಂಗೋಲಿ ಹಾಕೋದೂ ನೆಲದ ಮೇಲೇ ಅಲ್ವಾ ತಾತ? ಕೈಯಿಂದ ಎಳೆ ಬಿಡ್ತಾ?" ಅಂದಳು. ನನ್ನ ಬಾಯಿ ಕಟ್ಟಿತು. ಇನ್ನೊಮ್ಮೆ ನೋಡಿದೆ. ಸಾರು ಕಾಣಲಿಲ್ಲ, ಕೈ ಓಡಿದ ದಾರಿ ಕಂಡಿತು.

ಮಾಗ್ರಿಟ್‌ನ ‘ಬೆಳಕಿನ ಸಾಮ್ರಾಜ್ಯ’ದ ಮುಂದೆ ಇನ್ನೊಂದು ಬೆರಗು. ಮನೆ, ಮರ, ಉರಿಯುವ ಬೀದಿದೀಪ. ಕೆಳಗೆಲ್ಲ ಕತ್ತಲ ರಾತ್ರಿ. ಮೇಲೆ ಮಾತ್ರ ಬಿಳಿ ಮೋಡಗಳ ಹಗಲಿನ ಆಕಾಶ! ಮನೆ ಮನೆಯಂತೆ, ಮರ ಮರದಂತೆ ಇದ್ದರೂ ನನ್ನ ಲೆಕ್ಕಕ್ಕೆ ಸಿಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ಮಗ ಇನ್ನೊಂದು ಸಂಗತಿ ಹೇಳಿದ. 1940ರಲ್ಲಿ ಯುದ್ಧ ಪ್ಯಾರಿಸ್ಸಿಗೆ ಹತ್ತಿರವಾದಾಗ, ತನ್ನ ಚಿತ್ರಗಳನ್ನು ಕಾಪಾಡಿರೆಂದು ಪೆಗ್ಗಿ ಅಲ್ಲಿನ ಲೂವ್ರ್ ಮ್ಯೂಸಿಯಂ ಅನ್ನು ಕೇಳಿಕೊಂಡರಂತೆ. ಉಳಿಸುವ ಯೋಗ್ಯತೆ ಇವಕ್ಕಿಲ್ಲ ಎಂದು ಅವರು ಒಪ್ಪಲಿಲ್ಲ. ಕೊನೆಗೆ ಪೆಗ್ಗಿ ಅವನ್ನು ಮನೆ ಸಾಮಾನುಗಳೆಂದು ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಿದರು. ಇಂದು ಅವನ್ನು ನೋಡಲು ಜನ ಟಿಕೆಟ್ ಕೊಳ್ಳುತ್ತಾರೆ.

"ನಾನೂ ಒಮ್ಮೆ ಲೂವ್ರ್ ಆಗಿದ್ದೆ ಕಣೋ" ಅಂದೆ ಮೆಲ್ಲಗೆ. ಮಗನಿಗೆ ಅರ್ಥವಾಯಿತು. ಚಿಕ್ಕವನಿದ್ದಾಗ ನಾನು ತಂದ ಹಳೆಯ ಚಲನ್‌ಗಳ ಹಿಂಬದಿಯಲ್ಲಿ ಅವನು ದಿನವೂ ಚಿತ್ರ ಬರೆಯುತ್ತಿದ್ದ: ಆರು ಕಾಲಿನ ನಾಯಿ, ಹಸಿರು ಸೂರ್ಯ. ಒಂದು ದಿನ ಲೆಕ್ಕದಲ್ಲಿ ಸೊನ್ನೆ ಬಂದಿತ್ತು. ಆ ಕಟ್ಟನ್ನು ಬಚ್ಚಲ ಒಲೆಗೆ ಹಾಕಿದೆ. ಮುಂದೆ ಅವನು ಎಂಜಿನಿಯರ್ ಆದ, ಚಿತ್ರ ಬರೆಯಲಿಲ್ಲ.

"ಹೋಗ್ಲಿ ಬಿಡಿ ಅಪ್ಪ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಈಗ ನನ್ನ ಬೀರುವಿನಲ್ಲಿ ಪಾಸ್‌ಬುಕ್ಕುಗಳ ಪಕ್ಕ ಒಂದು ಫೈಲ್ ಇದೆ. ಮೊಮ್ಮಗಳು ಕಳಿಸಿದ ಚಿತ್ರಗಳನ್ನು ತಾರೀಖು ಹಾಕಿ ಅದರಲ್ಲಿಡುತ್ತೇನೆ. ಮೊನ್ನೆಯ ಲಕೋಟೆಯಲ್ಲಿ ಎರಡು ಹಾಳೆ ಇದ್ದವು. ಎರಡನೆಯದರಲ್ಲಿ ಹಸಿರು ಸೂರ್ಯ. ಕೆಳಗೆ ಮಗನ ರುಜು.

ಅಜ್ಜ ಅಜ್ಜಿಯರೇ, ಮಕ್ಕಳ ಹಾಳೆಗಳನ್ನು ರದ್ದಿಗೆ ಹಾಕುವ ಮೊದಲು ಇನ್ನೊಮ್ಮೆ ನೋಡಿ. ಅರ್ಥವಾಗದಿದ್ದರೆ ಅವರನ್ನೇ ಕೇಳಿ, ಹೇಳುತ್ತಾರೆ.