ಸಭಾಭವನಕ್ಕೆ ಮೈಕ್ ಸೆಟ್ಟು ಕೊಳ್ಳುವ ಮೊದಲು

ಮದುವೆಗೋ ಉಪನಯನಕ್ಕೋ ಹೋದಾಗ ಗಮನಿಸಿದ್ದೀರಾ? ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡಿರುತ್ತಾರೆ, ಹಿಂದಿನ ಸಾಲಿನವರು “ಎಂತ ಹೇಳಿದ್ರು?” ಎಂದು ಪಕ್ಕದವರನ್ನು ಕೇಳುತ್ತಿರುತ್ತಾರೆ. ಇನ್ನು ಅಡಿಗೆಮನೆಯಲ್ಲಿ ಬೆವರು ಒರೆಸಿಕೊಳ್ಳುತ್ತಿರುವ ಹೆಂಗಸರಿಗಂತೂ ಧಾರೆ ಆಯಿತೆಂದು ಗೊತ್ತಾಗುವುದು ಗಟ್ಟಿಮೇಳ ಬಾರಿಸಿದಾಗಲೇ. ಕಾರ್ಯದ ಮನೆಯವರು ಬಾಡಿಗೆಯನ್ನೇನೋ ಪೂರ್ತಿ ಕೊಟ್ಟಿರುತ್ತಾರೆ.

ಕುಮಟಾ–ಶಿರಸಿ ರಸ್ತೆಯ ಮೇಲಿರುವ ನಮ್ಮ ಕತಗಾಲದಂಥ ಊರುಗಳಲ್ಲೂ ಮನೆಯಂಗಳದ ಚಪ್ಪರ ಕಡಿಮೆಯಾಗಿ ಬಾಡಿಗೆ ಹಾಲ್‌ಗಳು ಬಂದಿವೆ. ನಮ್ಮ ಯಜಮಾನರೂ ಭಾವನವರೂ ಸೇರಿ ಹಳೆಯ ಅಡಿಕೆ ಗೋದಾಮನ್ನು ಸಣ್ಣ ಸಭಾಭವನ ಮಾಡಿದಾಗ ಸಹಕಾರಿ ಸಂಘದ ಸಾಲ ಆಗಲೇ ತಲೆಯ ಮೇಲಿತ್ತು. ಪಾತ್ರೆ, ಕುರ್ಚಿ, ಜನರೇಟರು ಎಲ್ಲ ಗಂಡಸರೇ ನೋಡಿಕೊಂಡರು. ಮೈಕಿನ ವಿಷಯ ಬಂದಾಗ ಭಾವನವರು, “ಎಲ್ಲಿಗೆ ಹೋದರೂ ಕೇಳ್ಸಲಿಲ್ಲ ಅಂತ ದೂರುವವಳು ನೀನೇ. ನೀನೇ ಆರಿಸು ಮಾರಾಯ್ತಿ” ಎಂದುಬಿಟ್ಟರು. ಹೈಸ್ಕೂಲು ಓದಿದ ನನಗೆ ವಾಟು, ಓಮ್ ಎಲ್ಲ ಎಲ್ಲಿಂದ ಗೊತ್ತು? ಕೇಳಿ, ಓದಿ, ನಾಲ್ಕು ಹಾಲ್ ಸುತ್ತಿ ತಿಳಿದುಕೊಂಡೆ. ಹಾಲ್ ಇರಲಿ, ಖಾನಾವಳಿ ಇರಲಿ, ಹೊಲಿಗೆ ತರಗತಿ ಇರಲಿ, ಮೈಕ್ ಸೆಟ್ಟಿಗೆ ದುಡ್ಡು ಹಾಕಬೇಕೆಂದಿರುವ ಸೋದರಿಯರಿಗೆ ಇದು ಪ್ರಯೋಜನವಾದೀತು.

ಅಂಗಡಿಗೆ ಹೋದ ಕೂಡಲೇ ಅವರು ಹೇಳುವ ಮೊದಲ ಮಾತು ವಾಟಿನದು. “ಅಮ್ಮಾ, 250 ಯಾಕೆ, 500 ವಾಟಿಂದೇ ತಗೊಳ್ಳಿ, ಇಡೀ ಊರಿಗೆ ಕೇಳ್ತದೆ.” ಇಡೀ ಊರಿಗೆ ಯಾಕಪ್ಪ ಕೇಳಬೇಕು? ನನಗೆ ಬೇಕಾದದ್ದು ಇನ್ನೂರು ಜನರಿಗೆ ಕೇಳುವುದು. ತಿಳಿದವರು ಹೇಳಿದ ಲೆಕ್ಕ ಹೀಗಿದೆ: ವಾಟು ಎರಡರಷ್ಟಾದರೆ ಧ್ವನಿ 3 ಡೆಸಿಬೆಲ್ ಮಾತ್ರ ಏರುತ್ತದೆ, ಕಿವಿಗೆ ಅದು ತುಸುವೇ ಹೆಚ್ಚೆನಿಸುತ್ತದೆ. ಎರಡರಷ್ಟು ಜೋರು ಎನಿಸಬೇಕಾದರೆ ಸುಮಾರು ಹತ್ತರಷ್ಟು ವಾಟು ಬೇಕು. 250 ಬಿಟ್ಟು 500ಕ್ಕೆ ಹೋದರೆ ಖರ್ಚು ಏರುವಷ್ಟು ಲಾಭ ಏರುವುದಿಲ್ಲ.

ಇನ್ನೊಂದು ಲೆಕ್ಕ ದೂರದ್ದು. ಬಯಲಿನಲ್ಲಿ ಸ್ಪೀಕರಿನಿಂದ ದೂರ ಎರಡರಷ್ಟಾದಾಗಲೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ವೇದಿಕೆಯ ಎರಡು ಬದಿಗೆ ಎರಡು ದೊಡ್ಡ ಡಬ್ಬ ಇಟ್ಟು ಅರವತ್ತು ಅಡಿ ಆಚೆಯ ಅಜ್ಜಿಗೆ ಕೇಳಿಸಬೇಕಾದರೆ ಮುಂದೆ ಕೂತ ಮಗು ಅತ್ತುಬಿಡಬೇಕಾಗುತ್ತದೆ! ಅದರ ಬದಲು ಸಣ್ಣ ಸ್ಪೀಕರುಗಳನ್ನು ಗೋಡೆಯುದ್ದಕ್ಕೂ ಹಂಚಿ ಹಾಕಿ ಎಲ್ಲವನ್ನೂ ಮೆಲ್ಲಗೆ ನುಡಿಸಿದರೆ ಪ್ರತಿಯೊಬ್ಬರ ಹತ್ತಿರವೂ ಒಂದು ಸ್ಪೀಕರಿರುತ್ತದೆ.

ಇದರಲ್ಲಿ ಹೊಸತೇನೂ ಇಲ್ಲ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಕಾಲದ ಆಟಗಳನ್ನು ನಮ್ಮ ಹಿರಿಯರು ಮೈಕಿಲ್ಲದೆಯೇ ನೋಡಿದವರು. ರಂಗಸ್ಥಳದ ಮೂರು ಸುತ್ತ ಒತ್ತಾಗಿ ಕೂತರೆ ಭಾಗವತರ ಪದ ಕಿವಿಗೆ ಬೀಳುತ್ತಿತ್ತು. ಹತ್ತಿರ ಇದ್ದರೆ ಜೋರು ಬೇಕಾಗುವುದಿಲ್ಲ, ಅಷ್ಟೆ. (ಈಗ ಕೆಲವು ಕಡೆ ಚಂಡೆಗೂ ಮೈಕ್ ಹಿಡಿಯುತ್ತಾರೆ. ಚಂಡೆಗೆ ಯಾಕೆ ಬೇಕೋ ನನಗೆ ಅರ್ಥವಾಗಿಲ್ಲ.)

ಹೀಗೆ ಹಂಚಿ ಹಾಕುವುದಕ್ಕೆ ಮೈಕಿನವರ ಭಾಷೆಯಲ್ಲಿ ‘100 ವೋಲ್ಟ್ ಲೈನ್’ ಎನ್ನುತ್ತಾರೆ. ಈ ಎರಡು ಪದ ನೆನಪಿಟ್ಟುಕೊಂಡು ಅಂಗಡಿಗೆ ಹೋಗಿ. ಮಾತಾಡುವ ರೀತಿಯೇ ಬದಲಾಗುತ್ತದೆ. ಮನೆಯ ಸ್ಟೀರಿಯೋದಂಥ 4 ಅಥವಾ 8 ಓಮಿನ ಸ್ಪೀಕರುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತ ಹೋದರೆ ಆಂಪ್ಲಿಫೈಯರಿಗೆ ಹೊರೆ ಹೆಚ್ಚಾಗಿ ಸುಟ್ಟೀತು. ಉದ್ದ ವೈರಿನಲ್ಲಿ ಶಕ್ತಿಯೂ ಸೋರಿಹೋಗುತ್ತದೆ. 100 ವೋಲ್ಟ್ ಲೈನಿನಲ್ಲಿ ಪ್ರತಿ ಸ್ಪೀಕರಿಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಒಂದೇ ಜೊತೆ ವೈರು ಹಾಲ್ ಸುತ್ತಿ ಬಂದರೆ ಸಾಕು, ಬೇಕಾದಲ್ಲಿ ಸ್ಪೀಕರು ಕೂಡಿಸಬಹುದು. ಎಲ್ಲ ಸ್ಪೀಕರುಗಳ ವಾಟು ಕೂಡಿಸಿ, ಅದರ ಮೇಲೆ ಕಾಲು ಭಾಗ ಹೆಚ್ಚಿಗೆ ಇಟ್ಟುಕೊಂಡು ಆಂಪ್ಲಿಫೈಯರ್ ತೆಗೆದುಕೊಳ್ಳಬೇಕು. ನಮ್ಮಲ್ಲಿ 15 ವಾಟಿನ ಆರು, ಅಂದರೆ 90. ಆದ್ದರಿಂದ 120 ವಾಟಿನದು ಧಾರಾಳವಾಯಿತು. ಒಂದು ಎಚ್ಚರಿಕೆ: 100 ವೋಲ್ಟ್ ಮೈಗೆ ತಗುಲಿದರೆ ಶಾಕ್ ಹೊಡೆಯುತ್ತದೆ. ವೈರಿಂಗ್ ಕೆಲಸವನ್ನು ಮನೆಯ ಹುಡುಗರ ಕೈಗೆ ಬಿಡಬೇಡಿ.

ಈಗ ನನಗೆ ಬಹಳ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಆರು ಸ್ಪೀಕರಿನ ಜಾಗ ಗುರುತು ಮಾಡುವಾಗ ಮೈಕಿನವರು ಐದನ್ನು ಹಾಲಿನೊಳಗೆ, ಒಂದನ್ನು ಹೊರಗೆ ಗೇಟಿನ ಹತ್ತಿರ ಎಂದರು. ಗೇಟಿನಲ್ಲಿ ಯಾರಿದ್ದಾರೆ? ಕಾರು ಇಳಿದು ಒಳಗೆ ಬರುವವರು. ಅದನ್ನು ಅಡಿಗೆಮನೆಗೆ ಹಾಕಿ ಎಂದೆ. ಅವರು ನಕ್ಕರು. “ಅಡಿಗೆಯವರಿಗೆ ಭಾಷಣ ಕೇಳಿ ಎಂತ ಆಗ್ಬೇಕು ಅಕ್ಕಾ?” ಎಂತ ಆಗಬೇಕು ಎಂದರೆ, ಮದುಮಗಳ ಅತ್ತಿಗೆಯೂ ಚಿಕ್ಕಮ್ಮನೂ ಎಷ್ಟೋ ಸಲ ಅಲ್ಲಿಯೇ ಇರುತ್ತಾರೆ, ಪಾಯಸಕ್ಕೆ ಬೆಲ್ಲ ಹಾಕುತ್ತ, ಎಲೆ ಒರೆಸುತ್ತ. ಮಂಗಳಾಷ್ಟಕ ಕೇಳುವ ಹಕ್ಕು ಅವರಿಗೂ ಇದೆ. ಕೆಲಸದ ಅನುಕೂಲವೂ ಉಂಟು: ಮುಹೂರ್ತ ಮುಗಿಯಿತು, ಪಂಕ್ತಿ ಹಾಕಬಹುದು ಎಂದು ಓಡಿಬಂದು ಹೇಳಲು ಹುಡುಗನೊಬ್ಬ ಬೇಕಿಲ್ಲ. ಆ ಸ್ಪೀಕರಿಗೆ ಮಾತ್ರ ಗೋಡೆಯಲ್ಲಿ ಪ್ರತ್ಯೇಕ ವಾಲ್ಯೂಮ್ ತಿರುಗಣೆ ಹಾಕಿಸಿದ್ದೇವೆ, ಬೇಡವಾದಾಗ ತಗ್ಗಿಸಿದರಾಯಿತು. ಬಾಣಂತಿಯರು ಮಗುವಿಗೆ ಹಾಲು ಕೊಡುವ ಕೋಣೆಗೂ ಇದೇ ಥರ ಒಂದು ಪುಟ್ಟದು ಹಾಕಿಸಬೇಕೆಂದು ಇದೆ. ಆಂಪ್ಲಿಫೈಯರಿನಲ್ಲಿ ಅಷ್ಟು ಜಾಗ ಉಳಿದಿದೆ.

ಸ್ಪೀಕರಿನ ಜಾತಿಯೂ ಜಾಗಕ್ಕೆ ತಕ್ಕಂತೆ. ಬಾಯಿಬಿಟ್ಟ ಕಹಳೆಯಂಥ ಹಾರ್ನು ಜಾತ್ರೆಯ ಬಯಲಿಗೆ ಸರಿ, ಹಾಲಿನೊಳಗೆ ಅದು ಕರ್ಕಶ. ತಗಡಿನ ಮಾಡು, ನುಣುಪು ಟೈಲ್ಸಿನ ನೆಲ ಇದ್ದರೆ ದನಿ ಮರುಗುಟ್ಟಿ ಮಾತು ಮಾತಿನ ಮೇಲೆ ಬೀಳುತ್ತದೆ. ಖಾಲಿ ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಸದ್ದು ಕೂಡಲೇ ಸಾಯದೆ ಗುಂಯ್ ಎಂದು ಎಳೆದರೆ ಎಷ್ಟು ಬೆಲೆಯ ಸೆಟ್ಟು ತಂದರೂ ಮಾತು ಸ್ಪಷ್ಟವಾಗದು. ಮೊದಲು ದಪ್ಪ ಪರದೆ ಹಾಕಿಸಿ. ಅಂಥಲ್ಲಿಗೆ ಉದ್ದನೆಯ ಕಾಲಮ್ ಸ್ಪೀಕರು ಒಳ್ಳೆಯದು, ಅದು ದನಿಯನ್ನು ಮೇಲೆ ಕೆಳಗೆ ಚೆಲ್ಲದೆ ಜನರ ಕಡೆಗೇ ಕಳಿಸುತ್ತದೆ. ತಾರಸಿಯ ಅಂಗಡಿ, ಪಾರ್ಲರು, ಖಾನಾವಳಿಗಳಿಗೆ ಸೀಲಿಂಗಿನ ದುಂಡು ಸ್ಪೀಕರು ಚೆಂದ. ಸೀಲಿಂಗು ಹತ್ತಡಿ ಎತ್ತರವಿದ್ದರೆ ಕೂತವರ ಕಿವಿಯ ಮಟ್ಟದಲ್ಲಿ ಒಂದೊಂದು ಸುಮಾರು 12 ಅಡಿ ಅಗಲದ ಜಾಗವನ್ನು ತುಂಬುತ್ತದೆ.

ಮೈಕ್ ಕೂಗುವುದು ಎಲ್ಲರಿಗೂ ಗೊತ್ತಿರುವ ಪೀಡೆ. ಸ್ಪೀಕರಿನ ದನಿಯನ್ನೇ ಮೈಕು ಮತ್ತೆ ಹಿಡಿದು ಕಳಿಸುವುದರಿಂದ ಅದು ಬರುತ್ತದೆ. ಸ್ಪೀಕರುಗಳು ಮೈಕಿನ ಮುಂದಿದ್ದು ಜನರ ಕಡೆ ಮುಖ ಮಾಡಿರಬೇಕು, ಮಾತಾಡುವವರು ಗೇಣಿಗಿಂತ ಹತ್ತಿರ ಬರಬೇಕು. ವೈರಿಲ್ಲದ ಮೈಕು ಪುರೋಹಿತರಿಗೆ ಅನುಕೂಲ, ಆದರೆ ಸೆಲ್ಲು ಮುಗಿಯುವುದು ಸರಿಯಾಗಿ ಮುಹೂರ್ತಕ್ಕೇ! ವೈರಿನದೊಂದು ಸದಾ ಸಿದ್ಧವಿರಲಿ.

ಬೇಲಿಯಾಚೆಯವರ ಮಾತು. ನಮ್ಮ ಹಾಲಿಗೆ ಅರ್ಧ ಗೋಡೆ, ಮೇಲೆ ಜಾಲರಿ. ಪಕ್ಕದಲ್ಲೇ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದಾರೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಖಾಸಗಿ ಸೆಟ್ಟಿನ ಸದ್ದು ನಮ್ಮ ಗಡಿಯಲ್ಲಿ ಇದಕ್ಕಿಂತ 5ಕ್ಕಿಂತ ಹೆಚ್ಚು ಮೀರಬಾರದು. ಎದುರುಬದುರು ಕೂತು ಮಾತಾಡುವ ದನಿಯೇ ಸುಮಾರು 60 ಎಂದರೆ ಅಂದಾಜಾಗುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ಮುಚ್ಚಿದ ಸಭಾಂಗಣದೊಳಗಿನ ಬಳಕೆಗೆ ವಿನಾಯಿತಿ ಉಂಟು, ಆದರೆ ಜಾಲರಿಯ ಗೋಡೆಯನ್ನು ಮುಚ್ಚಿದ್ದೆಂದು ನಾನಂತೂ ವಾದಿಸಲಾರೆ. ಬುಕಿಂಗ್ ಚೀಟಿಯಲ್ಲೇ ಇದನ್ನು ಅಚ್ಚು ಹಾಕಿಸಿದ್ದೇವೆ. ಒಂದಿಬ್ಬರು ಮುಖ ಸಿಂಡರಿಸಿದ್ದೂ ಆಯಿತು, ಒಂದು ಬುಕಿಂಗ್ ತಪ್ಪಿದ್ದೂ ಆಯಿತು.

ಹಾಡಿನ ವಿಷಯವನ್ನೂ ಹೇಳಬೇಕು. ಅಂಗಡಿ, ಹೋಟೆಲಿನಲ್ಲಿ ಗಿರಾಕಿಗಳಿಗೆಂದು ರೆಕಾರ್ಡಾದ ಹಾಡು ಹಾಕಲು ಹಕ್ಕುದಾರರ ಪರವಾನಗಿ ಬೇಕು. ಮೊಬೈಲಿನ ಹಾಡಿನ ಆ್ಯಪಿಗೆ ತಿಂಗಳ ಹಣ ಕಟ್ಟುವುದು ಸ್ವಂತ ಕೇಳುವಿಕೆಗೆ ಮಾತ್ರ. ಧಾರ್ಮಿಕ ಸಮಾರಂಭಕ್ಕೂ ಮದುವೆಯ ಮೆರವಣಿಗೆ, ಸಂಭ್ರಮಗಳಿಗೂ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲೇ ವಿನಾಯಿತಿ ಇದೆ.

ಕೊಳ್ಳುವ ದಿನ ಅಂಗಡಿಯಲ್ಲಿ ಕೇಳಿ ಒಪ್ಪಬೇಡಿ. ನಿಮ್ಮ ಜಾಗಕ್ಕೇ ತರಿಸಿ. ಮೈಕಿನ ಮುಂದೆ ಒಬ್ಬರನ್ನು ಪತ್ರಿಕೆ ಓದಲು ಕೂರಿಸಿ, ನೀವು ಕಟ್ಟಕಡೆಯ ಕುರ್ಚಿ, ಮೂಲೆ, ಅಡಿಗೆಮನೆ, ಬೇಲಿ ಎಲ್ಲ ಕಡೆ ನಿಂತು ಕೇಳಿ. ಕಿವಿ ಮಂದವಾದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ನನ್ನ ಅತ್ತೆಯವರು ಮೂರನೆಯ ಸಾಲಿನಿಂದ ಕೊನೆಯ ಸಾಲಿನವರೆಗೆ ಕೂತು ಕೂತು ನೋಡಿ, “ಇಲ್ಲಿ ಹೆಗಡೇರ ಹೆಸರು ಕೇಳ್ತು, ಇಲ್ಲಿ ಕೇಳಲಿಲ್ಲೆ” ಎಂದು ತೋರಿಸಿದ ಜಾಗದಲ್ಲಿ ಸ್ಪೀಕರು ಒಂದು ಮಾರು ಸರಿಯಿತು.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕಡೆ ಸೆಟ್ಟನ್ನು ಕೆಡಿಸುವುದು ಬಳಕೆಯಲ್ಲ, ತೇವ ಮತ್ತು ಸಿಡಿಲು. ಸರಿಯಾದ ಅರ್ತಿಂಗ್ ಇರಲಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ, ಬರೀ ಸ್ವಿಚ್ ಆರಿಸಿದರೆ ಸಾಲದು. ಕರೆಂಟು ಹೋದರೂ ನಡೆಯುವಂತೆ 12 ವೋಲ್ಟ್ ಬ್ಯಾಟರಿಗೆ ಜೋಡಿಸಬಹುದಾದ ಆಂಪ್ಲಿಫೈಯರ್ ಸಿಗುತ್ತದೆ, ಅದನ್ನೇ ಕೇಳಿ. ಆಷಾಢದಲ್ಲಿ ಕಾರ್ಯಗಳಿಲ್ಲವೆಂದು ಗಂಟು ಕಟ್ಟಿ ಮೂಲೆಗಿಡದೆ ವಾರಕ್ಕೊಮ್ಮೆ ಅರ್ಧ ಗಂಟೆ ಚಾಲೂ ಮಾಡಿದರೆ ಒಳಗಿನ ತೇವ ಆರುತ್ತದೆ. ಮೈಕುಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ, ಹುರಿದು ಆರಿಸಿದ ಅಕ್ಕಿಯ ಪುಟ್ಟ ಗಂಟಿನ ಜೊತೆ ಇಡಿ.