ಚೈನಾ ಗ್ರಾಸಿನ ಮೇಲೆ ಬೆಳ್ಳನೆಯ ಅಣಬೆ

ಸೌತ್ ಲೇಕ್ ಯೂನಿಯನ್‌ನಲ್ಲಿ ಶಿಲೀಂಧ್ರ ಸಾಕುವುದು ಹೊಸದೇನಲ್ಲ. ಸಿಯಾಟಲ್ ನಗರದ ನಡುವಿನ ಸರೋವರಕ್ಕೆ ತೆಂಕು ದಂಡೆಯಾಗಿರುವ ಈ ಬಡಾವಣೆಯಲ್ಲಿ ಅಮೆಜಾನ್ ಕಚೇರಿಗಳ ಪಕ್ಕದಲ್ಲೇ ಪ್ರಯೋಗಾಲಯಗಳಿವೆ. ಫ್ರೆಡ್ ಹಚ್ ಕ್ಯಾನ್ಸರ್ ಕೇಂದ್ರ ಇರುವುದು ಇಲ್ಲಿಯೇ. 1997ರಿಂದ 2010ರವರೆಗೆ ಅದನ್ನು ಮುನ್ನಡೆಸಿದ ಲೀ ಹಾರ್ಟ್‌ವೆಲ್ ಅವರಿಗೆ 2001ರಲ್ಲಿ ನೊಬೆಲ್ ಬಂತು. ಜೀವಕೋಶ ಒಂದು ಎರಡಾಗುವ ಗುಟ್ಟನ್ನು ಅವರು ಹುಡುಕಿದ್ದು ಬ್ರೆಡ್ ಉಬ್ಬಿಸುವ ಯೀಸ್ಟಿನಲ್ಲಿ. ಯೀಸ್ಟೂ ಅಣಬೆಯ ದಾಯಾದಿಯೇ.

ಅಲ್ಲಿ ಸೋಸಿದ ಗಾಳಿ ಬೀಸುವ ದುಬಾರಿ ಪೆಟ್ಟಿಗೆಗಳಲ್ಲಿ ನಡೆಯುವ, ತಟ್ಟೆಯಲ್ಲಿ ಶಿಲೀಂಧ್ರ ಬೆಳೆಸುವ ಕೆಲಸ, ಇಲ್ಲೊಂದು ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ನಡೆಯುತ್ತಿದೆ. ಬಟ್ಟೆ ತುಂಬಿಡುವ ಪಾರದರ್ಶಕ ಡಬ್ಬಿ. ಬೋರಲು ಹಾಕಿ, ಒಂದು ಬದಿಗೆ ಕೈ ತೂರುವಷ್ಟು ಎರಡು ತೂತು ಕೊರೆದಿದ್ದಾರೆ. ಕೆಳಗೆ ವೆಸ್ಟ್‌ಲೇಕ್ ಅವೆನ್ಯೂನಲ್ಲಿ ಟ್ರಾಮ್ ಹೋಗುತ್ತದೆ, ಸರೋವರದ ಮೇಲೆ ನೀರಿಗಿಳಿಯುವ ಪುಟ್ಟ ವಿಮಾನ ಗುರುಗುಡುತ್ತದೆ. ಕಿಟಕಿ ಮಾತ್ರ ಭದ್ರ. ಹೀಟರ್ ಬಂದ್, ಫ್ಯಾನ್ ಬಂದ್. ಮಗಳು ಮೊಣಕೈವರೆಗೆ ಕೈ ತೊಳೆದು, ಎಪ್ಪತ್ತು ಪರ್ಸೆಂಟ್ ಆಲ್ಕೋಹಾಲಿನಲ್ಲಿ ಒರೆಸಿಕೊಂಡು ಕೂತಿದ್ದಾಳೆ. ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದಿರುವ ತಾಯಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಾರೆ.

"ಅಮ್ಮಾ, ಈಗ ಒಳಗೆ ಬರ್ಬೇಡ. ಮಾತೂ ಆಡ್ಬೇಡ."

"ಇಷ್ಟು ಮಡಿ ನಮ್ಮತ್ತೆಯೂ ಮಾಡ್ತಿರ್ಲಿಲ್ಲ ಕಣೆ!"

ಈ ಮಡಿಗೆ ಕಾರಣವಿದೆ. ಗಾಳಿಯಲ್ಲಿ ಬೂಷ್ಟಿನ ಬೀಜಕಣಗಳು ಸದಾ ತೇಲುತ್ತಿರುತ್ತವೆ. ಗಾಳಿ ಅಲುಗದಿದ್ದರೆ ಅವು ಮೆಲ್ಲಗೆ ನೆಲಕ್ಕಿಳಿಯುತ್ತವೆ, ಅಲುಗಿದರೆ ತೆರೆದ ತಟ್ಟೆಯೊಳಕ್ಕೇ ಬೀಳುತ್ತವೆ. ತೂತು ಕೊರೆದ ಡಬ್ಬಿಯ ಕೆಲಸ ಗಾಳಿಯನ್ನು ಸುಮ್ಮನಿರಿಸುವುದು, ಅಷ್ಟೇ.

ತಟ್ಟೆಯಲ್ಲಿರುವ ಅಗರ್ ನಮಗೆ ಅಪರಿಚಿತವಲ್ಲ. ಕಡಲಪಾಚಿಯಿಂದ ಬರುವ ಇದನ್ನೇ ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಮಾರುತ್ತಾರೆ, ಪುಡ್ಡಿಂಗಿಗೆ ಹಾಕುತ್ತಾರೆ. ಪ್ರಯೋಗಾಲಯಕ್ಕೂ ಇದು ಹೋದದ್ದು ಅಡುಗೆಮನೆಯಿಂದಲೇ. 1881ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಹೆಸ್ಸೆಗೆ, ಬೇಸಿಗೆಯಲ್ಲಿ ಕರಗಿಹೋಗುವ ಜೆಲಟಿನ್ ಬದಲು ಅಗರ್ ಹಾಕಿ ನೋಡಿ ಎಂದವರು ಅವರ ಹೆಂಡತಿ ಫ್ಯಾನಿ. ಆಕೆ ಅದರಲ್ಲಿ ಜೆಲ್ಲಿ ಮಾಡುತ್ತಿದ್ದರು. ಮುಚ್ಚಳದ ತಟ್ಟೆಯನ್ನು 1887ರಲ್ಲಿ ಪ್ರಕಟಿಸಿದ ಪೆಟ್ರಿಯ ಹೆಸರು ಎಲ್ಲರ ಬಾಯಲ್ಲಿದೆ, ಫ್ಯಾನಿಯ ಹೆಸರು ಎಷ್ಟು ಜನಕ್ಕೆ ಗೊತ್ತು?

ಅರ್ಧ ಲೀಟರ್ ನೀರಿಗೆ ಹತ್ತು ಗ್ರಾಂ ಅಗರ್, ಹತ್ತು ಗ್ರಾಂ ಬಾರ್ಲಿ ಮಾಲ್ಟಿನ ಪುಡಿ. ಇಪ್ಪತ್ತೈದು ತಟ್ಟೆಗೆ ಸಾಕು. ಮಾಲ್ಟ್ ಇಲ್ಲದಿದ್ದರೆ ಆಲೂಗಡ್ಡೆ ಬೇಯಿಸಿದ ನೀರಿಗೆ ಗ್ಲೂಕೋಸ್ ಬೆರೆಸಿದರೂ ನಡೆಯುತ್ತದೆ. ಬರೀ ಕುದಿಸಿದರೆ ಸಾಲದು. ಕೆಲವು ಬ್ಯಾಕ್ಟೀರಿಯಾಗಳ ಗಟ್ಟಿ ಬೀಜಕಣ ನೂರು ಡಿಗ್ರಿಯಲ್ಲೂ ಸಾಯುವುದಿಲ್ಲ. ಪ್ರೆಷರ್ ಕುಕ್ಕರಿನಲ್ಲಿ ಹದಿನೈದು ಪೌಂಡ್ ಒತ್ತಡ, 121 ಡಿಗ್ರಿ ಶಾಖ, ಸುಮಾರು ಅರ್ಧ ಗಂಟೆ. ಇಲ್ಲಿ ವಿಷಲ್ ಎಣಿಸಿ ಪ್ರಯೋಜನವಿಲ್ಲ, ಗಡಿಯಾರವನ್ನೇ ನೋಡಬೇಕು. ಇಳಿಸಿದ ಮೇಲೆ ಸೀಸೆ ಕೈಯಲ್ಲಿ ಹಿಡಿಯುವಷ್ಟು, ಅಂದರೆ ಐವತ್ತು ಡಿಗ್ರಿಯ ಹತ್ತಿರಕ್ಕೆ, ಆರುವ ತನಕ ಕಾಯಬೇಕು. ಬಿಸಿಬಿಸಿ ಸುರಿದರೆ ಮುಚ್ಚಳಕ್ಕೆ ಹನಿ ಕಟ್ಟುತ್ತದೆ, ಆ ಹನಿ ಉರುಳಿದಲ್ಲೆಲ್ಲ ಬ್ಯಾಕ್ಟೀರಿಯಾ ಹರಡುತ್ತದೆ. ಹೆಪ್ಪುಗಟ್ಟಿದ ತಟ್ಟೆಗಳನ್ನು ಬೋರಲು ಇಡುವುದೂ ಅದಕ್ಕೇ.

ಮುಖ್ಯ ಘಳಿಗೆ ಒಂದೇ ನಿಮಿಷದ್ದು. ಅಂಗಡಿಯಿಂದ ತಂದ ತಾಜಾ ಚಿಪ್ಪಣಬೆಯ ಕಾಂಡವನ್ನು ಮಗಳು ಉದ್ದಕ್ಕೆ ಸೀಳುತ್ತಾಳೆ. ಚಾಕು ಹಾಕುವುದಿಲ್ಲ; ಹಾಕಿದರೆ ಹೊರಗಿನ ಕೊಳೆ ಒಳಗೆ ಹೋಗುತ್ತದೆ. ಸೀಳಿದ ಒಳಭಾಗ ಹಿಂಜಿದ ಹತ್ತಿಯಂತೆ ಬೆಳ್ಳಗೆ, ಯಾರ ಕೈಯೂ ತಾಗದ್ದು. ಆಲ್ಕೋಹಾಲ್ ಆರಿದ್ದನ್ನು ಖಚಿತಪಡಿಸಿಕೊಂಡು, ಡಬ್ಬಿಯ ಹೊರಗೇ ದೀಪದಲ್ಲಿ ಕೆಂಪಗೆ ಕಾಸಿದ ಸ್ಕಾಲ್‌ಪೆಲ್ಲನ್ನು ಒಳಗೊಯ್ದು ಅಗರ್ ಅಂಚಿಗೆ ತಾಗಿಸುತ್ತಾಳೆ. 'ಚುಂಯ್' ಎಂದು ಆರುತ್ತದೆ. ಅಕ್ಕಿಕಾಳಿನಷ್ಟು ತುಂಡು ಕಿತ್ತು, ಮುಚ್ಚಳವನ್ನು ಓರೆಯಾಗಿ ಎತ್ತಿ, ನಡುವೆ ಇಟ್ಟು ಮುಚ್ಚುತ್ತಾಳೆ. ಸುತ್ತ ಟೇಪು, ಮೇಲೆ ತಾರೀಕು.

ಎರಡು ಮೂರು ದಿನದಲ್ಲಿ ತುಂಡಿನ ಸುತ್ತ ಬಿಳಿ ನವಿರೇಳುತ್ತದೆ. ವಾರ, ಹತ್ತು ದಿನಕ್ಕೆ ತಟ್ಟೆಯಿಡೀ ತುಂಬುತ್ತದೆ. ಈ ವಿದ್ಯೆ ಇರುವುದು ಬಿಳಿಯಿಂದ ಬಿಳಿಯನ್ನು ಬೇರೆ ಮಾಡಿ ನೋಡುವುದರಲ್ಲಿ ಎಂಬುದು ನನ್ನ ಅಭಿಪ್ರಾಯ. ಟ್ರೈಕೋಡರ್ಮಾ ಎಂಬ ಬೂಷ್ಟೂ ಮೊದಲು ಬೆಳ್ಳಗೇ ಬರುತ್ತದೆ, ಅಣಬೆಗಿಂತ ಚುರುಕಾಗಿ ಓಡುತ್ತದೆ. ಹಸಿರು ತೋರಿಸುವ ಹೊತ್ತಿಗೆ ಲಕ್ಷಾಂತರ ಬೀಜಕಣ ಸಿದ್ಧವಾಗಿರುತ್ತವೆ. ಪೆನಿಸಿಲಿಯಂ ನೀಲಿಹಸಿರು, ಆಸ್ಪರ್ಜಿಲಸ್ ನೈಗರ್ ಕಪ್ಪು. ಬ್ಯಾಕ್ಟೀರಿಯಾ ಆದರೆ ಒದ್ದೆ ಹೊಳಪಿನ ಚುಕ್ಕಿ. ಒಳ್ಳೆಯ ಅಣಬೆಯ ಎಳೆಗಳು ನಡುವಿನಿಂದ ಹೊರಕ್ಕೆ ಒಂದೇ ಸಮ ಹಬ್ಬುತ್ತವೆ. ಅದರ ಮುಂಚೂಣಿಯ ಅಂಚಿನಿಂದ, ಕೊಳೆಗೆ ದೂರದ ಬದಿಯಿಂದ, ಚೂರು ಕತ್ತರಿಸಿ ಹೊಸ ತಟ್ಟೆಗೆ ಸಾಗಿಸಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ಸಾಮಾನ್ಯವಾಗಿ ಶುದ್ಧ ತಳಿ ಕೈಗೆ ಸಿಗುತ್ತದೆ. ಈ ಕೊಳೆಯನ್ನೆಲ್ಲ ಮುಂದೆ ತಳಿಯನ್ನು ಬೆಳೆಸುವ ಧಾನ್ಯದ ಬಾಟಲಿಯಲ್ಲೂ ಕಾಣಬಹುದು, ಆದರೆ ಅಲ್ಲಿ ಕಾಣುವಾಗ ತಡವಾಗಿರುತ್ತದೆ.

ತಾಯಿಗೆ ಒಂದೇ ಪ್ರಶ್ನೆ. "ಗುಡುಗು ಬಂದ್ಮೇಲೆ ನಮ್ಮ ತೋಟದಲ್ಲಿ ಏಳತ್ತಲ್ಲ, ಹುತ್ತದ ಅಣಬೆ, ಅದು ಇದ್ರಲ್ಲಿ ಬರಲ್ವೇನೆ?"

ಬರುವುದಿಲ್ಲ. ಆ ಅಣಬೆಯನ್ನು ನೆಲದಡಿ ಸಾಕುವುದು ಗೆದ್ದಲು. ಅಗರ್ ಮೇಲೆ ಅದರ ಎಳೆ ನಿಧಾನಕ್ಕೆ ಹಬ್ಬೀತು, ಕೊಡೆ ಬಿಚ್ಚಬೇಕಾದರೆ ಹುತ್ತ ಬೇಕು. ಮಗಳ ಈ ಉತ್ತರ ಕೇಳಿ ತಾಯಿಯ ಮುಖದಲ್ಲಿ ಸಣ್ಣ ಗೆಲುವು.

ಊರಲ್ಲಿ ಅಣಬೆ ಬೆಳೆಯಬೇಕೆನ್ನುವವರಿಗೆ ಇಷ್ಟೆಲ್ಲ ತಲೆನೋವು ಬೇಕಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬಿತ್ತನೆ ಬೀಜ ಸಿಗುತ್ತದೆ. ಆದರೂ ತಟ್ಟೆಯ ಆಟ ಆಡಿಯೇ ನೋಡುತ್ತೇನೆ ಎನ್ನುವವರಿಗೆ ಎರಡು ಮಾತು. ಗುರುತು ಗೊತ್ತಿಲ್ಲದ ಕಾಡಣಬೆಯನ್ನು ತಟ್ಟೆಗೆ ಹಾಕಿ ಬೆಳೆಸಿ ತಿನ್ನಲು ಹೋಗಬೇಡಿ, ವಿಷದ ಅಣಬೆಯ ಎಳೆಯೂ ಅಷ್ಟೇ ಬೆಳ್ಳಗಿರುತ್ತದೆ. ಹಸಿರು ಕಂಡ ತಟ್ಟೆಯನ್ನು ಮುಚ್ಚಳ ತೆಗೆಯದೆ, ಚೀಲದಲ್ಲಿ ಬಿಗಿದು ಮನೆಯಿಂದ ಹೊರಗೆ ಹಾಕಿ.