ಎಳೆಯುವ ಬಲ ಬೇರೆ, ಹೊರುವ ಬಲ ಬೇರೆ

ಮಾಟುಂಗಾದ ಹೋಟೆಲೊಂದರ ಗಲ್ಲೆಯಲ್ಲಿ ಕುಳಿತುಕೊಳ್ಳುವ ನಮ್ಮ ಮಿತ್ರರೊಬ್ಬರು ಕಳೆದ ವಾರ ನಮಗೊಂದು ಚಿತ್ರವನ್ನು ತೋರಿಸಿದರು. ಅಮೇರಿಕದ ಡೆನ್ವರ್ ನಗರದಲ್ಲಿರುವ ಅವರ ಮಗನು ಕಳುಹಿಸಿದ ಚಿತ್ರವದು. ನಾಲ್ಕು ಗಾಲಿಗಳ ಮೇಲೆ ನಿಂತ ಬಿಳಿಯ ಪುಟ್ಟ ಮನೆ; ಒಳಗೆ ಮಂಚ, ಒಲೆ, ನಲ್ಲಿ, ಸ್ನಾನದ ಕೋಣೆ. "ಬರುವ ಬೇಸಗೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುವವರು. ನಮ್ಮನ್ನು ಈ ಟ್ರೈಲರಿನೊಡನೆ ಬೆಟ್ಟದ ಸೀಮೆಗೆ ಕರೆದೊಯ್ಯುತ್ತಾನಂತೆ. ಎಳೆಯಲು ಪಿಕಪ್ ಟ್ರಕ್ಕೊಂದನ್ನು ಕೊಳ್ಳುವವನಿದ್ದಾನೆ. ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಘಟ್ಟ ಇಳಿಯುವುದು ಕ್ಷೇಮವೇ ಸ್ವಾಮಿ?" ಎಂದು ಕೇಳಿದರು. ತಂದೆಯ ಮನಸ್ಸಿನಿಂದ ಬಂದ ಈ ಪ್ರಶ್ನೆಯನ್ನು ನಕ್ಕು ಕಳೆಯುವಂತಿಲ್ಲ. ಮಕ್ಕಳನ್ನು ಆ ದೇಶಕ್ಕೆ ಕಳುಹಿದವರು ನಮ್ಮ ವಾಚಕರಲ್ಲಿ ಇನ್ನೂ ಕೆಲವರಿರಬಹುದಾದುದರಿಂದ, ತಿಳಿದಷ್ಟನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಅಮೇರಿಕನರಿಗೆ ಈ ಹವ್ಯಾಸ ಹೊಸದಲ್ಲ. 'ಏರ್‌ಸ್ಟ್ರೀಮ್' ಟ್ರೈಲರುಗಳನ್ನು ನಿರ್ಮಿಸಿದ ವಾಲೀ ಬಯಮ್ ಎಂಬವರು 1930ರ ದಶಕದಲ್ಲಿಯೇ ಈ ಉದ್ಯಮಕ್ಕೆ ಕೈಹಾಕಿದ್ದರು. 1959ರಲ್ಲಿ ಅಂಥ ಗಾಡಿಗಳ ದೊಡ್ಡ ಸಾಲೊಂದು ಅವರ ನೇತೃತ್ವದಲ್ಲಿ ಕೇಪ್‌ಟೌನಿನಿಂದ ಕೈರೋಗೆ ಹೊರಟಿತ್ತು. ಆದರೆ ಗಾಡಿ ಹಳೆಯದಾದರೂ ಕೊಳ್ಳುವವನ ತಪ್ಪು ಮಾತ್ರ ನಿತ್ಯ ಹೊಸತು. ಅವನು ಜಾಹೀರಾತಿನಲ್ಲಿ ದಪ್ಪಕ್ಷರಗಳಲ್ಲಿರುವ ಒಂದೇ ಅಂಕಿಯನ್ನು ಓದುತ್ತಾನೆ. 'ಅರ್ಧ ಟನ್' ಎಂದು ರೂಢಿಯಲ್ಲಿ ಕರೆಯುವ ಫೋರ್ಡ್ ಎಫ್-150, ರ‍್ಯಾಮ್ 1500, ಷೆವ್ರೊಲೆ 1500 ಮೊದಲಾದ ಟ್ರಕ್ಕುಗಳಲ್ಲಿ ಕೆಲವು 5 ಟನ್ನಿಗೂ ಮಿಕ್ಕಿ ಎಳೆಯಬಲ್ಲವೆಂಬುದು ನಿಜವೇ. ಈ ಅಂಕಿಗಳನ್ನು ಗೊತ್ತುಪಡಿಸಲು 'ಎಸ್.ಎ.ಇ. ಜೆ 2807' ಎಂಬ ಪರೀಕ್ಷಾ ನಿಯಮವೂ ಇದೆ. ಅರಿಜೋನಾ ಪ್ರಾಂತದ ಡೇವಿಸ್ ಅಣೆಕಟ್ಟೆಯ ಬಳಿಯ ಸುಮಾರು 18 ಕಿಲೋಮೀಟರ್ ಏರನ್ನು, ಸುಡುಬಿಸಿಲಿನಲ್ಲಿ, ಹೊರೆಯೊಡನೆ ಹತ್ತಿ ತೋರಿಸಬೇಕು. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಕುಳಿತವರು ತಲಾ 68 ಕಿಲೋ ತೂಕದ ಇಬ್ಬರು ಮಾತ್ರ! ಅಜ್ಜ, ಅಜ್ಜಿ, ಮೊಮ್ಮಗು, ಅಡಿಗೆಯ ಸಾಮಾನು ಯಾವುದೂ ಅದರಲ್ಲಿ ಸೇರಿಲ್ಲ.

ಇಲ್ಲಿಯೇ ಎಳೆಯುವ ಬಲಕ್ಕೂ ಹೊರುವ ಬಲಕ್ಕೂ ಇರುವ ಭೇದವನ್ನು ತಿಳಿಯಬೇಕು. ಊರಿನಲ್ಲಿ ಎತ್ತಿನ ಗಾಡಿಗೆ ಹೊರೆ ಹೇರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚು ಹೇರಿದರೆ ನೊಗವು ಹೆಗಲನ್ನು ತಿನ್ನುತ್ತದೆ. ಟ್ರೈಲರಿನ ಧರ್ಮವೂ ಅದೇ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಭಾರವು ಟ್ರಕ್ಕಿನ ಹಿಂದಣ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೈಲರು ಹಾವಿನಂತೆ ಅತ್ತಿತ್ತ ಹೊಯ್ದಾಡಿ, ಟ್ರಕ್ಕನ್ನೂ ಸೆಳೆದುಕೊಂಡು ಉರುಳಬಹುದು. ಈ ಭಾರವನ್ನು ಟ್ರಕ್ಕು ಎಳೆಯುವುದಲ್ಲ, ಹೊರುವುದು.

ಎಷ್ಟು ಹೊರಬಹುದೆಂಬುದನ್ನು ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿ ಅಚ್ಚು ಮಾಡಿರುತ್ತಾರೆ. ಜನರೂ ಸರಕೂ ಸೇರಿ ಇಷ್ಟನ್ನು ಮೀರಕೂಡದೆಂಬುದೇ ಅದರ ಒಕ್ಕಣೆ. ಒಂದು ಲೆಕ್ಕ ಹಾಕೋಣ. ಚೀಟಿಯಲ್ಲಿ 680 ಕಿಲೋ ಎಂದಿರಲಿ. ಸಾಮಾನು, ನೀರು ತುಂಬಿದ ಟ್ರೈಲರು 3,000 ಕಿಲೋ. ನೂರಕ್ಕೆ 13ರಂತೆ ಕೊಂಡಿಯ ಭಾರ 390. ಭಾರ ಹಂಚುವ ಕೊಂಡಿಯ ಸ್ವಂತ ತೂಕ 45. ಉಳಿದುದು 245. ಮಗ, ಸೊಸೆ, ಮೊಮ್ಮಗು ಸೇರಿ 165 ಕಳೆದರೆ 80. ಸೌದೆ, ಸೈಕಲ್ಲು, ಉಪಕರಣಗಳಿಗೆ 60 ಕಳೆದರೆ 20. ಇನ್ನು ಅಜ್ಜ ಅಜ್ಜಿಯರ 130 ಕಿಲೋ ಏರಿದೊಡನೆ ಹೊರೆಯು 110 ಕಿಲೋ ಮೀರುತ್ತದೆ. 5 ಟನ್ ಎಳೆಯುವ ಗಾಡಿಯು 3 ಟನ್ನಿನ ಟ್ರೈಲರಿಗೇ ಸೋತಿತು!

ಆದುದರಿಂದ ಮೊದಲು ಟ್ರೈಲರನ್ನು ನಿಶ್ಚಯಿಸಿ, ಅನಂತರ ಟ್ರಕ್ಕನ್ನು ಆರಿಸುವುದು ವಿವೇಕ. ಟ್ರೈಲರಿನ ಬರಿದಾದ ತೂಕವನ್ನು ನಂಬಬಾರದು. 150 ಲೀಟರ್ ನೀರೆಂದರೇ 150 ಕಿಲೋ. ತುಂಬಿದಾಗ ಗರಿಷ್ಠ ಎಷ್ಟಾಗಬಹುದೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಒಂದೇ ಹೆಸರಿನ ಎರಡು ಟ್ರಕ್ಕುಗಳ ಚೀಟಿಯೂ ಒಂದೇ ಇರುವುದಿಲ್ಲ. ತೊಗಲಿನ ಆಸನ, ಗಾಜಿನ ಮಾಡು, ಭಾರಿ ಡೀಸೆಲ್ ಎಂಜಿನ್ ಮೊದಲಾದ ಸೊಗಸುಗಳೆಲ್ಲ ಹೊರುವ ಬಲವನ್ನು ತಿನ್ನುತ್ತವೆ. ಸಾಲದೆ ಬಂದರೆ ಹಾದಿಗಳು ಎರಡೇ: ಎಫ್-250, ರ‍್ಯಾಮ್ 2500ರಂಥ 'ಮುಕ್ಕಾಲು ಟನ್' ವರ್ಗದ ಟ್ರಕ್ಕು, ಇಲ್ಲವೆ ಹಗುರವಾದ ಟ್ರೈಲರು. ದೊಡ್ಡ ಟ್ರಕ್ಕಿನಲ್ಲೂ ಚೀಟಿಯನ್ನು ಓದಿಯೇ ಹಣ ಕೊಡಬೇಕು.

ಇನ್ನು ಘಟ್ಟದ ಮಾತು. ಡೆನ್ವರಿನ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯು, 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗದ ಬಳಿ 11,000 ಅಡಿಗಳನ್ನು ಮೀರುತ್ತದೆ. ಆ ತೆಳುಗಾಳಿಯಲ್ಲಿ ಸಾಮಾನ್ಯ ಎಂಜಿನ್ನು ಬಹಳಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಉಳ್ಳದ್ದು ಕಡಿಮೆ ಸೊರಗುತ್ತದೆ. ಆದರೆ ಹತ್ತುವಾಗ ಸೋತರೆ ತಡವಾದೀತು, ಅಷ್ಟೆ. ಇಳಿಯುವಾಗ ಸೋತರೆ ಪ್ರಾಣಕ್ಕೇ ಎರವು. ಟ್ರೈಲರಿಗೆ ಸ್ವಂತ ಬ್ರೇಕು, ಅದನ್ನು ನಡೆಸುವ ನಿಯಂತ್ರಕ ಟ್ರಕ್ಕಿನಲ್ಲಿ ಇರಲೇಬೇಕು. ಖಂಡಾಳಾ ಘಟ್ಟದಲ್ಲಿ ನಮ್ಮ ಲಾರಿಯವರು ಮಾಡುವಂತೆ, ಇಳಿಜಾರು ತೊಡಗುವ ಮುನ್ನವೇ ಕೆಳಗಿನ ಗೇರಿಗೆ ಬರಬೇಕು. ಬ್ರೇಕನ್ನೇ ಒತ್ತಿ ಹಿಡಿದರೆ ಅದು ಕಾದು ಕೈಕೊಡುತ್ತದೆ. ಹೊರಡುವ ಮುನ್ನ ಲಾರಿಗಳ ತಂಗುದಾಣದ ತೂಕದ ಕಟ್ಟೆಯಲ್ಲಿ, ಎಲ್ಲರೂ ಕುಳಿತಂತೆಯೇ, ಒಮ್ಮೆ ತೂಗಿಸಿದರೆ ಊಹೆಗೆ ಎಡೆಯಿರದು.

ಇಷ್ಟನ್ನು ವಿವರಿಸಿದಾಗ ನಮ್ಮ ಮಿತ್ರರು ಗಲ್ಲೆಯ ಪುಸ್ತಕದ ಮೂಲೆಯಲ್ಲಿ ಆ ಲೆಕ್ಕವನ್ನು ಮತ್ತೊಮ್ಮೆ ಕೂಡಿ ಕಳೆದು ನೋಡಿದರು. "ಮಗ ಹೇಗೂ ನಮ್ಮ ತೂಕ ಕೇಳುವುದಿಲ್ಲ, ಸಂಕೋಚ. ನಾವೇ ತಿಳಿಸಿಬಿಡುತ್ತೇವೆ" ಎಂದರು. ಅಂದು ಸಂಜೆ ದಂಪತಿಗಳಿಬ್ಬರೂ ಮಾಟುಂಗಾ ನಿಲ್ದಾಣದ ಬಳಿ ತೂಕ ನೋಡಿಸಿಕೊಂಡು, ಅಂಕಿಗಳನ್ನು ಡೆನ್ವರಿಗೆ ಕಳುಹಿಸಿದರೆಂದು ತಿಳಿದು ನಮಗೆ ಸಮಾಧಾನವಾಯಿತು.